ಪೆನ್ನಿಗೆ ಕನ್ನಡ ಬರುತ್ತಾ?

ಫೌಂಟನ್ ಪೆನ್ನಿನ ವಿಮರ್ಶೆ ಅನ್ನೋದು ಈಗ ಸಿನಿಮಾ ವಿಮರ್ಶೆಯಷ್ಟೇ ಪಳಗಿದ ಪ್ರಕಾರ. ಅದಕ್ಕೊಂದು ಸೂತ್ರ ಇದೆ. ಮೊದಲು ಡಬ್ಬಿ ಬಿಚ್ಚೋದು, ಆಮೇಲೆ ಕ್ಯಾಪು ತೆಗೆಯುವಾಗ ಬರೋ 'ಟಕ್' ಶಬ್ದದ ವರ್ಣನೆ, ತೂಕ ಎಷ್ಟು ಗ್ರಾಂ, ನಿಬ್ಬು ಚಿನ್ನದ್ದೋ ಸ್ಟೀಲಿನದ್ದೋ, ಕೊನೆಗೆ ಬೆಣ್ಣೆಯಂಥ ಜಪಾನಿ ಕಾಗದದ ಮೇಲೆ ಅದೇ ಹಳೇ ಇಂಗ್ಲಿಷ್ ವಾಕ್ಯ, ಕಂದು ನರಿ ಸೋಮಾರಿ ನಾಯಿಯ ಮೇಲಿಂದ ಹಾರಿದ್ದು. ಅಂಕ ಹತ್ತಕ್ಕೆ ಎಂಟೂವರೆ. ನಾನು ಇಂಥವನ್ನ ನೂರಾರು ಓದಿದೀನಿ, ನೋಡಿದೀನಿ. ಬಹುಪಾಲು ರಾತ್ರಿ ಹನ್ನೊಂದರ ಮೇಲೆ, ಬೆಳಿಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಪ್ ಕಾಲ್ ಇದೆ ಅನ್ನೋದನ್ನ ಮರೆತು. ಓದಿದ್ದಕ್ಕೆ ತಕ್ಕ ಹಾಗೆ ಪೆನ್ನುಗಳನ್ನೂ ಕೊಂಡಿದೀನಿ. ಆದರೆ ಇಷ್ಟು ವಿಮರ್ಶೆಗಳಲ್ಲಿ ಒಂದರಲ್ಲಾದರೂ 'ಕಷ್ಟ' ಅಂತ ಕನ್ನಡದಲ್ಲಿ ಬರೆದು, ನೋಡಿ ಈ ಪೆನ್ನಲ್ಲಿ ಹೀಗೆ ಬರುತ್ತೆ ಅಂತ ತೋರಿಸಿದ್ದನ್ನ ನಾನು ಕಂಡಿಲ್ಲ.

ಇದು ಭಾಷಾಭಿಮಾನದ ದೂರಲ್ಲ. ಇದರಿಂದ ನನಗೆ ನಿಜವಾಗಿಯೂ ನಷ್ಟವಾಗಿದೆ, ಅದಕ್ಕೇ ಬರೀತಿದೀನಿ.

ಕಳೆದ ವರ್ಷ ದೊಡ್ಡಪ್ಪ ತೀರಿಕೊಂಡರು. ಅರಸೀಕೆರೆಗೆ ಹೋದೆ, ಮೂರು ದಿನ ಇದ್ದೆ, ಕಾಫಿ ಲೋಟ ತೊಳೆದೆ, ಬಂದವರಿಗೆ ಚಾಪೆ ಹಾಕಿದೆ, ದೊಡ್ಡಮ್ಮನ ಹತ್ತಿರ ಕೂತು ಒಂದು ಮಾತೂ ಆಡಲಿಕ್ಕೆ ಆಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹೇಳಬೇಕಾದ್ದೆಲ್ಲ ನೆನಪಾಯಿತು. ದೊಡ್ಡಮ್ಮನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸಲ್ಲ. ಮೆಸೇಜು ನೋಡುವ ಅಭ್ಯಾಸವಿಲ್ಲ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು, ಕಾಗದ ಬರೆದರೆ ಓದುತ್ತಾರೆ. ಹಾಗಾಗಿ ಒಂದು ಭಾನುವಾರ ಕೂತು, ನನ್ನಲ್ಲಿದ್ದ ಅತಿ ದುಬಾರಿ ಪೆನ್ನು ತೆಗೆದು (ಯುರೋಪಿನದು, ಹೆಸರು ಬೇಡ, ಮೀಡಿಯಂ ನಿಬ್ಬು, ಎಲ್ಲ ವಿಮರ್ಶಕರೂ 'ಬೆಣ್ಣೆ' ಅಂತ ಹೊಗಳಿದ್ದು) ಆಫೀಸಿನಿಂದ ತಂದಿದ್ದ ಪ್ರಿಂಟರ್ ಹಾಳೆಯ ಮೇಲೆ ಮೂರು ಪುಟ ಬರೆದೆ. ಕಾಲೇಜು ಬಿಟ್ಟ ಮೇಲೆ ಕನ್ನಡದಲ್ಲಿ ಅಷ್ಟು ಉದ್ದ ಕೈಯಲ್ಲಿ ಬರೆದಿದ್ದು ಅದೇ ಮೊದಲು. ಪೋಸ್ಟ್ ಮಾಡಿದೆ.

ವಾರದ ನಂತರ ಪಕ್ಕದ ಮನೆ ಹುಡುಗಿಯ ಫೋನಿಂದ ಕಾಲ್ ಬಂತು. ದೊಡ್ಡಮ್ಮ ಕೂಗಿ ಹೇಳ್ತಿದ್ದಾರೆ: "ಪೇಪರ್ ತುಂಬ ಇರುವೆ ಬಿಟ್ಟಂಗಿದೆ ಕಣೇ. ಮೇಲ್ಗಡೆ ದೊಡ್ಡಮ್ಮನಿಗೆ ಅಂತಿರೋದು ಗೊತ್ತಾಯ್ತು. ಆಮೇಲೆ ಏನ್ ಬರ್ದಿದೀಯ ಅಂತ ನೀನೇ ಬಂದು ಓದು."

ಅವರದು ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ ಇದೆ. ಅದನ್ನೇ ನೆಪ ಮಾಡಿಕೊಳ್ಳಬಹುದಿತ್ತು. ಆದರೆ ಕಳಿಸುವ ಮುಂಚೆ ತೆಗೆದಿದ್ದ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರೆ ನನಗೇ ಓದಲಿಕ್ಕೆ ಆಗಲಿಲ್ಲ.

ಏನಾಗಿತ್ತು ಅಂದರೆ, ಸಾವಿನ ಬಗ್ಗೆ ಬರೆಯುವಾಗ ನಮಗೆ ಒದಗಿಬರೋ ಮಾತುಗಳನ್ನ ಒಮ್ಮೆ ನೋಡಿ: ದುಃಖ, ಕಷ್ಟ, ಧೈರ್ಯ, ಸಾಂತ್ವನ. ಒಂದೊಂದರಲ್ಲೂ ಒತ್ತೋ, ಸೀಳೋ, ಅರ್ಕಾವತ್ತೋ, ವಿಸರ್ಗವೋ ಇದೆ. ಕನ್ನಡದಲ್ಲಿ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಇರೋ ವ್ಯತ್ಯಾಸ ಬಹಳ ಸಲ ಒಂದು ಚಿಕ್ಕ ಗೀರಿನದ್ದು. ದ-ಗೆ ಕೆಳಗೆ ಒಂದು ಸೀಳು ಹಾಕಿದರೆ ಧ. 'ದನ' ಹೋಗಿ 'ಧನ' ಆಗುತ್ತೆ. ರ-ದ ಹೊಟ್ಟೆಯೊಳಗೆ ಚುಕ್ಕಿ ಇಟ್ಟರೆ ಠ. ಪ-ದ ಹೊಟ್ಟೆ ಸೀಳಿದರೆ ಷ, ಚಿಕ್ಕವರಿದ್ದಾಗ ನಾವದನ್ನ ಕರೀತಿದ್ದಿದ್ದೇ 'ಹೊಟ್ಟೆ ಸೀಳಿದ ಷ' ಅಂತ. ಇನ್ನು ಒತ್ತಕ್ಷರಗಳು ಸಾಲಿನ ಕೆಳಗೆ, ಮುಖ್ಯ ಅಕ್ಷರದ ಅರ್ಧ ಗಾತ್ರದಲ್ಲಿ, ಮುಂದಿನ ಸಾಲಿನ ಗುಡಿಸು ಕೊಂಬುಗಳಿಗೆ ತಾಗದ ಹಾಗೆ ಬದುಕಬೇಕು. ರೋಮನ್ ಲಿಪಿಯಲ್ಲಿ 'ಇ' ಅಕ್ಷರದ ಕಣ್ಣು ಮುಚ್ಚಿಹೋದರೂ ಪದ ಓದಬಹುದು. ಇಲ್ಲಿ ಷ-ದ ಹೊಟ್ಟೆ ಮುಚ್ಚಿಹೋದರೆ ಉಳಿಯೋದು ಒಂದು ಮಸಿಯ ಗುಳ್ಳೆ, ಅದರ ಕೆಳಗೆ ಟ-ದ ಒತ್ತು ಅಂತ ಇನ್ನೊಂದು ಗುಳ್ಳೆ. ಇರುವೆ ಅಂದಿದ್ದು ತಪ್ಪಲ್ಲ.

ಹಾಗಾದರೆ 'ಬೆಣ್ಣೆ' ಅಂತ ಹೊಗಳಿಸಿಕೊಂಡ ಗುಣ ಯಾವುದು? ನಿಬ್ಬಿನ ತುದಿಯಲ್ಲಿರೋ ಲೋಹದ ಗುಂಡು ದಪ್ಪವಾಗಿ, ನುಣ್ಣಗೆ ಉಜ್ಜಿದ್ದು, ಜೊತೆಗೆ ಶಾಯಿ ಧಾರಾಳವಾಗಿ ಬರೋದು. ಕಾಗದ ಮತ್ತು ನಿಬ್ಬಿನ ಮಧ್ಯೆ ಶಾಯಿಯ ಒಂದು ಪದರ ಇರುತ್ತೆ, ಅದು ಹೆಚ್ಚಿದ್ದಷ್ಟೂ ಜಾರಿಕೆ ಹೆಚ್ಚು. ವಿಮರ್ಶಕರ ಜಪಾನಿ ಕಾಗದ ಶಾಯಿಯನ್ನು ಮೇಲೇ ನಿಲ್ಲಿಸಿಕೊಳ್ಳುತ್ತೆ, ಗೆರೆ ಗೆರೆಯಾಗೇ ಉಳಿಯುತ್ತೆ. ನಮ್ಮ ಪ್ರಿಂಟರ್ ಹಾಳೆ ಟೋನರಿಗೆ ಅಂತ ಮಾಡಿದ್ದು. ಎಷ್ಟೋ ಹಾಳೆಗಳಲ್ಲಿ ಶಾಯಿ ನಾರುಗುಂಟ ಹರಿದು, ಗೆರೆಯ ಅಂಚು ಗರಿಗರಿಯಾಗಿ ಬಿಚ್ಚಿಕೊಳ್ಳುತ್ತೆ. ಕಾಲು ಮಿಲಿಮೀಟರಿನಷ್ಟು ಜಾಗದಲ್ಲಿ ಕೂರಬೇಕಾದ ಧ-ದ ಸೀಳು ಅಲ್ಲೇ ಕಳೆದುಹೋಗುತ್ತೆ. ಅಂದರೆ ವಿಮರ್ಶೆ ಸುಳ್ಳಾಗಿರಲಿಲ್ಲ. ಅದು ಬೇರೆ ಲಿಪಿಗೆ, ಬೇರೆ ಕಾಗದಕ್ಕೆ ನಿಜವಾಗಿತ್ತು.

ಇನ್ನೂ ಒಂದು ಮಾತು ಈ ವಿಮರ್ಶೆಗಳಿಗೆ ಹೊಳೆಯೋದೇ ಇಲ್ಲ. ಇಂಗ್ಲಿಷನ್ನು ಕೂಡಿಸಿ ಬರೆಯುವವರು ಪದದ ಕೊನೆಗೆ ಪೆನ್ನೆತ್ತುತ್ತಾರೆ. ನಾವು ಅಕ್ಷರ ಅಕ್ಷರಕ್ಕೂ ಎತ್ತುತ್ತೀವಿ. ತಲೆಕಟ್ಟಿಗೆ ಒಮ್ಮೆ, ಒತ್ತಿಗೆ ಒಮ್ಮೆ, ದೀರ್ಘಕ್ಕೆ ಮತ್ತೊಮ್ಮೆ. ಎತ್ತಿದ ಪೆನ್ನು ಮತ್ತೆ ಕಾಗದ ಮುಟ್ಟಿದ ಕ್ಷಣವೇ ಬರೀಬೇಕು. ನಿಬ್ಬಿನ ತುದಿಯನ್ನು ಅತಿಯಾಗಿ ಉಜ್ಜಿ ನುಣುಪು ಮಾಡಿದರೆ ಸೀಳಿನ ಎರಡೂ ಒಳಅಂಚುಗಳು ದುಂಡಗಾಗಿ, ಮಧ್ಯೆ ಸಣ್ಣ ಕಣಿವೆಯಾಗುತ್ತೆ. ಶಾಯಿ ಆ ಕಣಿವೆಯಲ್ಲಿ ನಿಲ್ಲುತ್ತೆ, ಕಾಗದವನ್ನು ಮುಟ್ಟೋದಿಲ್ಲ. ಈ ದೋಷಕ್ಕೆ ಪೆನ್ನಿನವರು ಇಟ್ಟಿರೋ ಹೆಸರು ಕೇಳಿದರೆ ನಗ್ತೀರಿ: 'ಬೇಬೀಸ್ ಬಾಟಮ್'. ಮಗುವಿನ ಕುಂಡೆ! ಇಂಥ ನಿಬ್ಬಲ್ಲಿ ಕೂಡಕ್ಷರ ಬರೆಯುವ ಇಂಗ್ಲಿಷಿನವರಿಗೆ ಪದದ ಆರಂಭದಲ್ಲಿ ಒಂದು ಗೆರೆ ತಪ್ಪಬಹುದು. ನಮಗೆ ತಲೆಕಟ್ಟುಗಳೇ ಹಾರಿಹೋಗ್ತವೆ.

ಕನ್ನಡದ ಅಕ್ಷರಗಳು ಇಷ್ಟು ದುಂಡಗಿರೋದಕ್ಕೆ ತಾಳೆಗರಿ ಕಾರಣ ಅಂತ ಹೇಳೋದನ್ನ ನೀವೂ ಕೇಳಿರ್ತೀರಿ. ಕಂಠ ಅನ್ನೋ ಉಕ್ಕಿನ ಕಡ್ಡಿಯಿಂದ ಗರಿಯ ಮೇಲೆ ಕೊರೆದು, ಆಮೇಲೆ ಮಸಿ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತಿತ್ತು. ನೇರ ಗೆರೆ ಎಳೆದರೆ ಗರಿ ನಾರಿನುದ್ದಕ್ಕೆ ಸೀಳಿಹೋಗುತ್ತೆ ಅನ್ನೋ ವಾದ ಪೂರ್ತಿ ಒಪ್ಪಬೇಕೋ ಬೇಡವೋ, ಒಂದಂತೂ ಖರೆ: ಆ ಗೆರೆ ಒಂದೇ ಸಮ ತೆಳುವಾಗಿತ್ತು. ದಪ್ಪ-ತೆಳು ಮಾಡೋ ಚಪ್ಪಟೆ ಹಕ್ಕಿಗರಿಯ ಪೆನ್ನು ಇನ್ನೊಂದು ಲಿಪಿಯ ಕಥೆ. ಹಾಗಾಗಿ ಯಾರಾದರೂ 'ಇಟಾಲಿಕ್ ನಿಬ್ಬು ತಗೊಳ್ಳಿ, ಕೈಬರಹಕ್ಕೆ ಕಳೆ ಬರುತ್ತೆ' ಅಂದರೆ ನಾನು ಸುಮ್ಮನೆ ತಲೆಯಾಡಿಸಿ ಮುಂದೆ ಹೋಗ್ತೀನಿ. ಮದುವೆ ಕರೆಯೋಲೆಯ ಮೇಲೆ ಹೆಸರು ಬರೆಯೋದಕ್ಕೆ ಚೆನ್ನ. ಮೂರು ಪುಟದ ಕಾಗದಕ್ಕಲ್ಲ.

ನಮಗೆ ಹತ್ತಿರದ ದಾರಿ ತೋರಿಸೋದು ಜಪಾನಿನವರು. ನಿಬ್ಬಿನ ಅಳತೆಗೆ ಜಗತ್ತಿನಲ್ಲೆಲ್ಲೂ ಒಂದೇ ಮಾನದಂಡ ಇಲ್ಲ, ಪ್ರತಿ ಕಂಪನಿಯ 'ಫೈನ್' ಬೇರೆ. ಸಾಮಾನ್ಯವಾಗಿ ಜಪಾನಿನ ಫೈನ್ ಅಂದರೆ ಯುರೋಪಿನ ಎಕ್ಸ್‌ಟ್ರಾ ಫೈನಿಗೆ ಹತ್ತಿರ. ಒಂದು ಚೌಕದೊಳಗೆ ಹತ್ತು ಹದಿನೈದು ಗೆರೆ ತುಂಬಿಸೋ ಕಾಂಜಿ ಬರೆಯುವವರಿಗೆ ಅದು ಬೇಕಾಗಿತ್ತು, ಸಂತೆಯಲ್ಲಿ ನಮಗೂ ಸಿಕ್ಕಿತು. ಪೈಲಟ್ ಕಂಪನಿಯ ಸ್ಟೀಲ್ ನಿಬ್ಬಿನ ಮೆಟ್ರೋಪಾಲಿಟನ್ ಫೈನನ್ನು ಎಷ್ಟೋ ವಿಮರ್ಶಕರು 'ಸ್ವಲ್ಪ ಕೆರೆಯುತ್ತೆ' ಅಂತ ಅಂಕ ಕಳೀತಾರೆ. ಹೌದು, ಕಾಗದ ಇದೆ ಅಂತ ಕೈಗೆ ಗೊತ್ತಾಗುತ್ತೆ. ಆದರೆ ಅದರಲ್ಲಿ 'ಸ್ತ್ರೀ' ಬರೆದು ನೋಡಿ. ಸ, ಕೆಳಗೆ ತ-ಒತ್ತು, ಅದಕ್ಕಂಟಿ ರ-ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಎಲ್ಲವೂ ತಂತಮ್ಮ ಜಾಗದಲ್ಲಿ ಬಿಡಿಬಿಡಿಯಾಗಿ ಕಾಣುತ್ವೆ. ನನ್ನ ಲೆಕ್ಕದಲ್ಲಿ ಆ ಕೆರೆತಕ್ಕೆ ಅಂಕ ಕೂಡಿಸಬೇಕು.

ಲ್ಯಾಮಿ ಸಫಾರಿ ಇನ್ನೊಂದು ರೀತಿಯ ಪಾಠ. 1980ರಲ್ಲಿ ಬಂದ ಪೆನ್ನು, ವುಲ್ಫ್‌ಗಾಂಗ್ ಫೇಬಿಯನ್ ವಿನ್ಯಾಸ, ಮೂಲತಃ ಶಾಲಾ ಮಕ್ಕಳನ್ನ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ಈಗ ನಮ್ಮ ಟೆಕ್ ಪಾರ್ಕುಗಳಲ್ಲಿ ಪ್ರತಿ ಫ್ಲೋರಿಗೆ ಒಂದಾದರೂ ಹಳದಿ ಸಫಾರಿ ಸಿಗುತ್ತೆ. ಗಟ್ಟಿ ಪ್ಲಾಸ್ಟಿಕ್, ದೊಡ್ಡ ಕ್ಲಿಪ್ಪು, ನಿಬ್ಬು ಎಳೆದು ಬದಲಾಯಿಸಬಹುದು, ಶಾಯಿ ಎಷ್ಟಿದೆ ಅಂತ ನೋಡೋಕೆ ಕಿಟಕಿ. ಇಷ್ಟು ಪ್ರಾಮಾಣಿಕವಾದ ವಸ್ತು ಕಡಿಮೆ. ಆದರೆ ಹಿಡಿಯೋ ಜಾಗವನ್ನು ಮೂರು ಮುಖ ಮಾಡಿ, ಬೆರಳು ಇಲ್ಲೇ ಇಡಬೇಕು ಅಂತ ಅದು ಅಪ್ಪಣೆ ಕೊಡುತ್ತೆ. ಕನ್ನಡ ಬರೆಯುವಾಗ ದುಂಡು ಸುತ್ತೋದಕ್ಕೆ ಪೆನ್ನನ್ನು ಬೆರಳಲ್ಲಿ ಚೂರು ಹೊರಳಿಸೋ ಅಭ್ಯಾಸ ಇರುವವರಿಗೆ ಈ ಅಪ್ಪಣೆ ಕಿರಿಕಿರಿ. ಕೈ ಹೊಂದಿಕೊಳ್ಳುತ್ತೆ, ನಿಜ. ನನ್ನ ತಕರಾರು, ಕೈ ಯಾಕೆ ಹೊಂದಿಕೊಳ್ಳಬೇಕು ಅನ್ನೋದು.

ಹಿಂದಿನ ತಲೆಮಾರಿನ ಜೇಬಿನಲ್ಲಿದ್ದ ಹೀರೋ ಪೆನ್ನು ನೆನಪಿದೆಯಲ್ಲ? ನಿಬ್ಬೆಲ್ಲ ಮುಚ್ಚಿಕೊಂಡು ಮೂತಿ ಮಾತ್ರ ಇಣುಕುತ್ತಿದ್ದ ಚೀನಾ ಪೆನ್ನು. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರ ನೆರಳು ಅದು. ಆ ಮುಸುಕು ಅಂದಕ್ಕಾಗಿ ಮಾತ್ರ ಇದ್ದದ್ದಲ್ಲ. ನಿಬ್ಬಿಗೆ ಗಾಳಿ ತಾಗೋದು ಕಡಿಮೆ, ಹಾಗಾಗಿ ಶಾಯಿ ಬೇಗ ಒಣಗಲ್ಲ. ಯೋಚಿಸುತ್ತಾ, ಅಕ್ಷರಕ್ಕೊಮ್ಮೆ ಪೆನ್ನೆತ್ತುತ್ತಾ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಮೇಷ್ಟ್ರುಗಳು, ಶಾನುಭೋಗರು, ವಕೀಲರು ಅದನ್ನ ಇಟ್ಟುಕೊಂಡಿದ್ದು ಶೋಕಿಗೆ ಅಂತ ನಾನು ಅಂದುಕೊಂಡಿದ್ದೆ. ಈಗ ಅನುಮಾನ.

ನಮ್ಮ ದೇಶದ ಎಬೊನೈಟ್ ಪೆನ್ನುಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು ಅದು. ಲೇತಿನ ಮೇಲೆ ಕಡೆದು ಪೆನ್ನು ಮಾಡ್ತಾರೆ. ರಾಜಮಹೇಂದ್ರಿಯ ರತ್ನಂ ಪೆನ್ನು ಸ್ವದೇಶಿ ಚಳವಳಿಯ ಕಾಲದ್ದು, 1930ರ ದಶಕದಲ್ಲಿ ಗಾಂಧೀಜಿಗೂ ತಲುಪಿತ್ತು. ತಿರುವಳ್ಳೂರಿನ ರಂಗಾ ಪೆನ್ನುಗಳನ್ನ ಇವತ್ತು ವಿದೇಶದ ಹವ್ಯಾಸಿಗಳೂ ತರಿಸಿಕೊಳ್ತಾರೆ. ಕೈಗೆ ಬೆಚ್ಚಗೆ, ಹಗುರ, ಬೆವರಿದರೂ ಜಾರಲ್ಲ. ಇಂಥ ಪೆನ್ನುಗಳು ಬಹಳಷ್ಟು 'ಐಡ್ರಾಪರ್', ಅಂದರೆ ಫಿಲ್ಲರಿನಿಂದ ನೇರವಾಗಿ ಕೊಳವೆಗೇ ಶಾಯಿ ಸುರಿಯೋದು. ಚಿಕ್ಕ ಕಾರ್ಟ್ರಿಜ್ಜಿನಲ್ಲಿ ಒಂದು ಮಿಲಿಲೀಟರೂ ಹಿಡಿಸಲ್ಲ, ಇದರಲ್ಲಿ ಅದರ ಎರಡು ಮೂರು ಪಟ್ಟು. ಹವ್ಯಾಸಿಗಳು ಇವನ್ನ 'ಭಾರತದ ಹೆಮ್ಮೆ' ಅಂತ ಬರೀತಾರೆ, ಒಪ್ಪೋಣ. ಆದರೆ ಶಾಯಿ ಕೊಳವೆಯ ಮೂರನೇ ಒಂದು ಭಾಗಕ್ಕೆ ಇಳಿದ ಮೇಲೆ ಏನಾಗುತ್ತೆ ಅಂತ ಹೊಗಳಿಕೆಯ ಮಧ್ಯೆ ಯಾರೂ ಹೇಳಲ್ಲ. ಖಾಲಿ ಜಾಗದಲ್ಲಿ ಗಾಳಿ ತುಂಬಿರುತ್ತೆ, ಕೈಯ ಬಿಸಿಗೆ ಅದು ಹಿಗ್ಗುತ್ತೆ, ಹಿಗ್ಗಿದ ಗಾಳಿ ಶಾಯಿಯನ್ನ ಹೊರಗೆ ತಳ್ಳುತ್ತೆ. ಕಾಗದದ ಮೇಲೆ ಟಪ್ ಅಂತ ಒಂದು ಹನಿ. ಚಿಕ್ಕವರಿದ್ದಾಗ ಆ ಹನಿಯನ್ನ ಸೀಮೆಸುಣ್ಣದ ತುಂಡಿನಿಂದ ಹೀರಿಸ್ತಿದ್ವಿ. ಈಗ ಪರಿಹಾರ ಇನ್ನೂ ಸುಲಭ: ಪೂರ್ತಿ ಮುಗಿಯೋತನಕ ಕಾಯದೆ ತುಂಬಿಸಿಬಿಡಿ, ತಿರುಪಿಗೆ ಒಂದು ಚೂರು ಸಿಲಿಕೋನ್ ಗ್ರೀಸ್ ಸವರಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬೈಕ್ ಮೇಲೆ ಹೋಗುವ ದಿನ ಅದನ್ನ ಶರ್ಟಿನ ಜೇಬಿಗೆ ಹಾಕಬೇಡಿ. ವಿಮಾನಕ್ಕೂ ಇದೇ ತರ್ಕ. ಮೇಲೇರಿದಂತೆ ಕ್ಯಾಬಿನ್ನಿನ ಒತ್ತಡ ಇಳಿದು ಪೆನ್ನಿನೊಳಗಿನ ಗಾಳಿ ಹಿಗ್ಗುತ್ತೆ. ಅರ್ಧ ತುಂಬಿದ ಪೆನ್ನೇ ಅಪಾಯದ್ದು. ತುಂಬಿಸಿಡಿ, ಇಲ್ಲವೇ ಖಾಲಿ ಮಾಡಿ, ನಿಬ್ಬು ಮೇಲೆ ಮಾಡಿ ಇಟ್ಟುಕೊಳ್ಳಿ.

ಇಲ್ಲಿಗೆ ಪೆನ್ನನ್ನು ನೋಡಿಕೊಳ್ಳೋ ಸಾಹಿತ್ಯಕ್ಕೆ ಬಂದಂತಾಯಿತು. ವಿಮರ್ಶೆಗಿಂತ ನನಗೆ ಇದರ ಮೇಲೇ ಹೆಚ್ಚು ಸಿಟ್ಟು. ಎರಡು ವಾರಕ್ಕೊಮ್ಮೆ ತೊಳೆಯಿರಿ, ಬಟ್ಟಿ ಇಳಿಸಿದ ನೀರಲ್ಲೇ ತೊಳೆಯಿರಿ, ಅಲ್ಟ್ರಾಸಾನಿಕ್ ಯಂತ್ರ ಕೊಳ್ಳಿ, ಹತ್ತಿಯ ಬಟ್ಟೆ, ಮರದ ಪೆಟ್ಟಿಗೆ, ಒಳಗೆ ವೆಲ್ವೆಟ್. ಓದಿದರೆ ಪೆನ್ನಿಗೋ ಸಾಲಿಗ್ರಾಮಕ್ಕೋ ಅನ್ನೋ ಸಂಶಯ ಬರುತ್ತೆ. ಇದರ ಪರಿಣಾಮ ನನ್ನ ಸುತ್ತಲೇ ಇದೆ: ಪೆನ್ನು ಕೊಂಡ ಗೆಳೆಯರು ಹಾಳಾದೀತು ಅಂತ ಬರೆಯಲ್ಲ. ಬರೆಯದೆ ಇಟ್ಟಿದ್ದಕ್ಕೇ ಶಾಯಿ ಒಳಗೆ ಒಣಗಿ ಹಾಳಾಗುತ್ತೆ. ನಿಬ್ಬಿನ ಕೆಳಗೆ ಬಾಚಣಿಗೆಯ ಹಲ್ಲಿನಂಥ ಸೀಳುಗಳಿರೋ ಕಪ್ಪು ತುಂಡಿದೆಯಲ್ಲ, ಫೀಡ್ ಅಂತಾರೆ, ಅದೇ ಈ ಯಂತ್ರದ ಜೀವ. 1884ರಲ್ಲಿ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದಿದ್ದೂ ಇದರ ಆರಂಭದ ರೂಪಕ್ಕೇ. ಶಾಯಿ ಇಳಿದಷ್ಟೂ ಗಾಳಿ ಮೇಲೇರಬೇಕು, ಎರಡೂ ಒಂದೇ ಇಕ್ಕಟ್ಟಿನ ದಾರಿಯಲ್ಲಿ. ಆ ದಾರಿ ಒದ್ದೆಯಾಗಿರೋತನಕ ಎಲ್ಲ ಸರಿ. ದಿನಾ ಅರ್ಧ ಪುಟ ಬರೆದರೆ ಅದು ಒದ್ದೆಯಾಗೇ ಇರುತ್ತೆ.

ಉಳಿದಂತೆ ಬೇಕಾದ್ದು ಕಡಿಮೆ. ಶಾಯಿ ಬದಲಾಯಿಸುವಾಗ, ಇಲ್ಲವೇ ಎರಡು ಮೂರು ತಿಂಗಳಿಗೊಮ್ಮೆ, ನಲ್ಲಿಯ ತಣ್ಣೀರಿನಲ್ಲಿ ಬಣ್ಣ ಹೋಗೋತನಕ ಜಾಲಿಸೋದು. ಜಿಡ್ಡು ಕಟ್ಟಿದ್ದರೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಬಿಸಿನೀರು ಬೇಡ, ಎಬೊನೈಟಂತೂ ಬಿಸಿನೀರಿಗೆ, ಬಿಸಿಲಿಗೆ ಬಣ್ಣ ಕಳೆದುಕೊಂಡು ಕಂದಾಗುತ್ತೆ. ಸ್ಪಿರಿಟ್ಟು, ಸ್ಯಾನಿಟೈಸರ್ ಬೇಡವೇ ಬೇಡ. ಕೆಲವು ಪ್ಲಾಸ್ಟಿಕ್ಕುಗಳು ಅದಕ್ಕೆ ಬಿರುಕು ಬಿಡ್ತವೆ. ಚಿತ್ರ ಬರೆಯೋ ಇಂಡಿಯನ್ ಇಂಕನ್ನು ಹಾಕಿದರೆ ಪೆನ್ನಿಗೆ ಎಳ್ಳುನೀರು ಬಿಟ್ಟಂತೆ. ಅದರಲ್ಲಿ ಅರಗು ಇರುತ್ತೆ, ಒಣಗಿದರೆ ನೀರಿಗೆ ಬಿಡಲ್ಲ. (ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ ದೇಶದ ಬೆರಳುಗಳಿಗೆಲ್ಲ ಹೋಗೋ ಚುನಾವಣೆಯ ಶಾಯಿಯನ್ನ ಪೆನ್ನಿಗೆ ಹಾಕಬಹುದಾ ಅಂತ ಆಫೀಸಿನಲ್ಲಿ ಒಬ್ಬ ನಿಜವಾಗಿ ಕೇಳಿದ. ಅದು ಸಿಲ್ವರ್ ನೈಟ್ರೇಟಪ್ಪಾ, ಬೇಡ.) ಮಿಂಚಿನ ಪುಡಿ ಇರೋ ಶಾಯಿಗಳನ್ನ ಕೊಂಡು ಆಮೇಲೆ ಪೆನ್ನು ಕಟ್ಟಿಕೊಂಡಿತು ಅಂತ ಅಳುವವರ ಬಗ್ಗೆ ನನಗೆ ಕನಿಕರ ಅಷ್ಟಕ್ಕಷ್ಟೇ.

ಮತ್ತೆ ಆ ಹಳೇ ನಂಬಿಕೆ: ಪೆನ್ನು ಬೇರೆಯವರಿಗೆ ಕೊಡಬಾರದು, ನಿಬ್ಬು ನಿಮ್ಮ ಕೈಗೆ ಸವೆದಿರುತ್ತೆ. ಅಪ್ಪನ ತಲೆಮಾರಿನವರು ಇದನ್ನ ವೇದವಾಕ್ಯದ ಹಾಗೆ ಹೇಳ್ತಾರೆ. ತುದಿಯ ಗುಂಡು ಗಟ್ಟಿ ಮಿಶ್ರಲೋಹ, ಸವೆಯೋಕೆ ವರ್ಷಗಟ್ಟಲೆ ಬರೀಬೇಕು. ನಾವು ಬರೆಯೋ ಪ್ರಮಾಣಕ್ಕೆ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲ. ಕೊಡಬಾರದು ಅನ್ನೋದಕ್ಕೆ ಬೇರೆ ಕಾರಣ ಇದೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದು ಅಭ್ಯಾಸವಾದವರು ಇದನ್ನೂ ಹಾಗೇ ಒತ್ತುತ್ತಾರೆ, ನಿಬ್ಬಿನ ಎರಡು ಕವಲು ಅಗಲಿಬಿಡುತ್ತೆ. ಒತ್ತೋದೇ ಬೇಡದ ಪೆನ್ನು ಇದು. ಅದರ ಸುಖವೂ ಅದೇ. ಆ ಕಾಗದ ಬರೆಯುವಾಗ ಮೂರನೇ ಪುಟದ ಹೊತ್ತಿಗೆ ನನ್ನ ಕೈ ನೋಯುತ್ತಿತ್ತು, ಯಾಕೆ ಅಂತ ಆಮೇಲೆ ಗೊತ್ತಾಯಿತು. ನಾನೂ ಒತ್ತುತ್ತಿದ್ದೆ. ಗೆರೆ ದಪ್ಪ ಆಗೋದಕ್ಕೆ ನನ್ನ ಪಾಲೂ ಇತ್ತು.

ಮತ್ತೆ ಬರೆದೆ. ಈ ಸಲ ತೆಳು ನಿಬ್ಬು, ಗಂಧಿಗೆ ಅಂಗಡಿಯಲ್ಲಿ ಸಿಗೋ ಉದ್ದ ರೂಲ್ಡ್ ಹಾಳೆ, ಸಾದಾ ಕ್ಯಾಮಲ್ ರಾಯಲ್ ಬ್ಲೂ. ಗೆರೆ ಬಿಟ್ಟು ಗೆರೆ ಬರೆದೆ, ಒತ್ತುಗಳಿಗೆ ಉಸಿರಾಡಲು ಜಾಗ ಇರಲಿ ಅಂತ. ಮೂರು ಪುಟ ಇದ್ದದ್ದು ಏಳಾಯಿತು. ಮೊದಲನೇ ಸಲ ಬರೆದಿದ್ದನ್ನೇ ನಕಲು ಮಾಡೋಣ ಅಂತ ಕೂತಿದ್ದು, ನಿಧಾನ ಬರೀತಾ ಬರೀತಾ ಬೇರೆಯೇ ಆಯಿತು. 'ಸಾಂತ್ವನ' ಅನ್ನೋ ಪದ ಎಲ್ಲೂ ಬರಲಿಲ್ಲ. ದೊಡ್ಡಪ್ಪ ಸೈಕಲ್ಲಿನ ಹಿಂದೆ ನನ್ನನ್ನ ಕೂರಿಸಿಕೊಂಡು ಮಾಲೇಕಲ್ಲು ತಿರುಪತಿಗೆ ಹೋಗಿದ್ದು, ದಾರಿಯಲ್ಲಿ ಚೈನು ಕಳಚಿದ್ದು, ಗ್ರೀಸ್ ಕೈಯಲ್ಲೇ ಪುರಿ ತಿನ್ನಿಸಿದ್ದು ಬಂತು.

ಹದಿನೈದು ದಿನ ಕಳೆದು ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ದೊಡ್ಡಮ್ಮನದು ಬಾಲ್‌ಪೆನ್ನು, ಆದರೆ ಅಕ್ಷರ ಕಾಪಿ ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ. ಚೈನು ಕಳಚಿದ ಕಥೆ ಅವರಿಗೆ ಗೊತ್ತೇ ಇರಲಿಲ್ಲವಂತೆ, ಪುರಿ ತಿನ್ನಿಸಿದ್ದಕ್ಕೆ ಈಗ ಬೈಯೋಣ ಅಂದರೆ ಮನುಷ್ಯ ಇಲ್ಲ ಅಂತ ಬರೆದಿದ್ದರು. ಕೊನೆಯಲ್ಲಿ ಎರಡು ಸಾಲು ಬೇರೆ: "ಎಲ್ಲ ಓದಿದೆ, ಕನ್ನಡಕ ಇಲ್ಲದೇನೇ. ನಾಲ್ಕನೇ ಪುಟದಲ್ಲಿ ಎರಡು ಕಡೆ ಮಹಾಪ್ರಾಣ ಬಿಟ್ಟಿದ್ದೀಯ, ಅದು ಪೆನ್ನಿನ ತಪ್ಪು ಅನ್ನಬೇಡ."